ಯಾಕಮ್ಮ ಬಾವುಟ ಕೆಳಗಿಟ್ಟ ಮಧ್ಯಾಹ್ನ

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅದು ಕಾಗದಪತ್ರಗಳಲ್ಲಿ ಉಳಿದುಕೊಂಡಿದೆಯೇ ಹೊರತು ಜನರ ಬಾಯಲ್ಲಿ ಉಳಿದಿಲ್ಲ. ಊರಿಗೆಲ್ಲ ಅವಳು ಯಾಕಮ್ಮ. ಬೇಕರಿಗೆ ಬಂದವರು "ಯಾಕಮ್ಮಾ, ಎರಡು ಬ್ರೆಡ್ಡು ಕೊಡಮ್ಮಾ" ಅನ್ನುತ್ತಾರೆ. ಭಾನುವಾರ ಫುಟ್‌ಬಾಲ್ ಮೈದಾನದಲ್ಲಿ ಅವಳು ಆಫ್‌ಸೈಡ್ ಅಂತ ಬಾವುಟ ಎತ್ತಿದಾಗ ಅದೇ ಜನ "ಏ ಯಾಕಮ್ಮಾ, ಕಣ್ಣು ಮನೇಲಿಟ್ಟು ಬಂದಿದ್ದೀಯಾ?" ಅಂತ ಕೂಗುತ್ತಾರೆ. ಬೈಯುವಾಗಲೂ ಅಮ್ಮ ಅನ್ನುವುದನ್ನು ಮಾತ್ರ ಯಾರೂ ಬಿಡುವುದಿಲ್ಲ. ಅಷ್ಟು ಮರ್ಯಾದೆಯನ್ನು ಅವಳು ಸಂಪಾದಿಸಿಕೊಂಡಿದ್ದಾಳೆ, ಅದೂ ಗಂಡಸರ ಆಟದಲ್ಲಿ, ಗಂಡಸರಿಗೆ ತಪ್ಪು ಹೇಳಿಕೊಂಡೇ.

ಬೇಕರಿ ಅಪ್ಪನ ಕಾಲದ್ದು. ಹಿಂದಿನ ಕೋಣೆಯಲ್ಲಿ ಗೋಡೆಯಗಲಕ್ಕೆ ಇಟ್ಟಿಗೆಯ ಒಲೆ, ಅದರೆದುರು ಉದ್ದನೆಯ ಮರದ ಮೇಜು, ಮೂಲೆಯಲ್ಲಿ ಹಿಟ್ಟಿನ ಚೀಲಗಳು. ಒಲೆ ಅಣ್ಣನದು, ಹಿಟ್ಟು ತಂಗಿಯದು. ಅವಳು ನಾದಿ, ಕತ್ತರಿಸಿ, ಉಬ್ಬಲು ಬಿಟ್ಟು ಕೊಟ್ಟರೆ ಅಣ್ಣ ಅದನ್ನು ಉದ್ದ ಹಿಡಿಯ ಹಲಗೆಯ ಮೇಲಿಟ್ಟು ಒಲೆಯೊಳಕ್ಕೆ ತಳ್ಳುತ್ತಾನೆ. ಒಲೆ ಎಷ್ಟು ಕಾದಿದೆ ಅಂತ ತೋರಿಸುವ ಮುಳ್ಳಿನ ಮಾಪಕವೊಂದು ಗೋಡೆಯಲ್ಲಿದೆ. ಅಣ್ಣ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಒಲೆಯ ಬಾಯಿಗೆ ಕೈಯೊಡ್ಡಿ "ಹೂಂ, ಆಯ್ತು" ಅನ್ನುತ್ತಾನೆ, ಆಗಿರುತ್ತದೆ. ಬೆಂಕಿಯ ಮುಂದೆ ನಿಂತೂ ನಿಂತೂ ಅವನ ಮುಖ ಬನ್ನಿನ ಮೇಲ್ಮೈಯ ಬಣ್ಣಕ್ಕೇ ತಿರುಗಿದೆ ಅಂತ ಗಿರಾಕಿಗಳು ಚುಡಾಯಿಸುವುದುಂಟು.

ಇಂಥ ಮನುಷ್ಯ ಭಾನುವಾರ ಬಂತೆಂದರೆ ಕರೀ ಅಂಗಿ, ಕರೀ ಚಡ್ಡಿ ತೊಟ್ಟು, ಕತ್ತಿಗೆ ಸೀಟಿ ನೇತುಹಾಕಿಕೊಂಡು ರೆಫರಿಯಾಗುತ್ತಿದ್ದ. ಊರಿನ ಕಾರ್ಖಾನೆ, ಗೋದಾಮು, ವರ್ಕ್‌ಶಾಪುಗಳ ತಂಡಗಳಿಗೆಲ್ಲ ಅವನ ಸೀಟಿಯೆಂದರೆ ಮುಗಿಯಿತು, ಎರಡು ಮಾತಿಲ್ಲ. ತಂಗಿಯನ್ನು ಮೈದಾನಕ್ಕೆ ಎಳೆದು ತಂದವನೂ ಅವನೇ. ಒಂದು ಭಾನುವಾರ ಗೆರೆಯ ಪಕ್ಕ ಬಾವುಟ ಹಿಡಿಯಬೇಕಾದವನು ಕೈಕೊಟ್ಟ. ಅಣ್ಣನಿಗೆ ತಿಂಡಿ ಕೊಡಲು ಬಂದಿದ್ದ ಇವಳ ಕೈಗೆ ಅಲ್ಲೇ ಇದ್ದ ಮೇಜು ಒರೆಸುವ ಬಟ್ಟೆಯೊಂದನ್ನು ತುರುಕಿ, "ಚೆಂಡು ಗೆರೆ ದಾಟಿದ್ರೆ ಎತ್ತು, ಇಲ್ಲಾಂದ್ರೆ ಸುಮ್ನಿರು" ಅಂದ. ಸುಮ್ಮನಿರುವುದು ಅವಳ ಜಾಯಮಾನವಲ್ಲ. ಅವಳು ಆಫ್‌ಸೈಡ್ ಅಂತ ಎತ್ತಿದ್ದು ಅಣ್ಣನೇ ಹಿಂದೆ ಆಡುತ್ತಿದ್ದ ತಂಡ ಹೊಡೆದ ಗೋಲಿನ ಮೇಲೆ. ನೋಡುತ್ತಿದ್ದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಣ್ಣ ನಗಲಿಲ್ಲ. ಓಡಿ ಬಂದು ಅವಳು ನಿಂತ ಜಾಗ ನೋಡಿದ, ಗೋಲು ಹೊಡೆದವನು ನಿಂತಿದ್ದ ಜಾಗ ನೋಡಿದ, ಗೋಲು ಇಲ್ಲ ಅಂತ ಕೈಯಾಡಿಸಿದ. ಆಮೇಲೆ ಅವಳು ನಿಯಮಗಳನ್ನೆಲ್ಲ ಓದಿ, ಪರೀಕ್ಷೆ ಕಟ್ಟಿ ಪಾಸಾಗಿ ನಿಜವಾದ ಬಾವುಟವನ್ನೇ ಹಿಡಿದಳು. ಗಂಡ ಬಸ್ಸು ಓಡಿಸುವವನು, ಫುಟ್‌ಬಾಲ್ ಅಂದರೆ ಅಷ್ಟಕ್ಕಷ್ಟೆ. "ಭಾನುವಾರವೂ ನಿಲ್ಲೋ ಕೆಲಸಾನೇ ಬೇಕಾ ನಿಂಗೆ?" ಅಂತ ಒಂದು ಸಲ ಕೇಳಿ ಸುಮ್ಮನಾದ.

ಇನ್ನು ಆ ಅಡ್ಡಹೆಸರಿನ ಕಥೆ. ಅದು ನಗೆಯ ಕಥೆಯೆಂದು ಊರು ತಿಳಿದಿದೆ, ಆದರೆ ಅದರ ಬುಡದಲ್ಲಿರುವುದು ನಗೆಯಲ್ಲ.

ಒಂದು ಬೇಸಿಗೆಯಲ್ಲಿ, ನೆತ್ತಿ ಸೀಳುವಂಥ ಬಿಸಿಲಿನಲ್ಲಿ, ವರ್ಕ್‌ಶಾಪಿನ ತಂಡದ ಪಂದ್ಯ ನಡೆದಿತ್ತು. ಒಲೆಯ ಮುಂದೆ ಬದುಕುವವನಿಗೆ ಬಿಸಿಲು ಯಾವ ಲೆಕ್ಕ ಅಂತ ಎಲ್ಲರೂ ಅನ್ನುತ್ತಿದ್ದರು, ಅಣ್ಣನೂ ಅದನ್ನು ನಂಬಿದ್ದ. ದ್ವಿತೀಯಾರ್ಧದಲ್ಲಿ ಯಾರೋ ಯಾರನ್ನೋ ಹಿಂದಿನಿಂದ ಒದ್ದು ಕೆಡವಿದರು. ಅಣ್ಣ ಓಡಿ ಬಂದವನೇ, ಬಿದ್ದವನನ್ನು ಕೈಹಿಡಿದು ಎಬ್ಬಿಸುತ್ತಿದ್ದ ಫಿಟ್ಟರ್ ಒಬ್ಬನಿಗೆ ಕೆಂಪು ಕಾರ್ಡು ತೋರಿಸಿದ. ಫಿಟ್ಟರ್ ಸಾಧು ಪ್ರಾಣಿ. "ನಾನಲ್ಲ ಸಾರ್" ಅಂದ, ಅಷ್ಟೇ, ತಲೆತಗ್ಗಿಸಿಕೊಂಡು ಹೊರಗೆ ನಡೆದ. ಒದ್ದವನು ಯಾರು ಅಂತ ಗೆರೆಯ ಪಕ್ಕದಲ್ಲಿದ್ದ ತಂಗಿಗೆ ಕಂಡಿತ್ತು. ಅವಳು ಬಾವುಟ ಎತ್ತಲಿಲ್ಲ. ಅಣ್ಣನಿಗೆ ಗೊತ್ತಿರುತ್ತೆ ಅಂದುಕೊಂಡಳು. ಅಣ್ಣನ ಮುಖದಲ್ಲಿ ಅಷ್ಟು ಖಾತ್ರಿಯಿತ್ತು.

ಪಂದ್ಯ ಮುಗಿದು, ಅಣ್ಣ ತಲೆಯ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದುಕೊಂಡು ಕೂತಿದ್ದಾಗ ಅವಳು ಮೆಲ್ಲಗೆ ಕೇಳಿದಳು: "ಅಣ್ಣ, ಆ ಫಿಟ್ಟರ್‌ನ ಯಾಕೆ ಕಳಿಸ್ದೆ?"

ಅಣ್ಣ ಬಾಯಿ ತೆರೆದ. ಯಾರನ್ನು ಕಳಿಸಿದೆ ಅನ್ನುವುದು ನೆನಪಿತ್ತು, ಯಾಕೆ ಅನ್ನುವುದು ಎಷ್ಟು ಹುಡುಕಿದರೂ ಸಿಗಲಿಲ್ಲ. ಅದೇ ಸಂಜೆ ಇಬ್ಬರೂ ಫಿಟ್ಟರ್ ಮನೆಯ ಬಾಗಿಲಿಗೆ ಹೋದರು. ಅಣ್ಣ ಹೊಸಿಲ ಹೊರಗೇ ನಿಂತು ಕ್ಷಮೆ ಕೇಳಿದ. ಫಿಟ್ಟರ್ ಮುಜುಗರದಿಂದ ಒದ್ದಾಡಿ, "ಹೋಗ್ಲಿ ಬಿಡಿ ಸಾರ್, ಬಿಸ್ಲಿತ್ತು" ಅಂದ. ಬೈದಿದ್ದರೆ ಅಣ್ಣ ತಡೆದುಕೊಳ್ಳುತ್ತಿದ್ದನೇನೋ.

ಮಾರನೆಯ ದಿನ ಒಲೆಯ ಮುಂದೆ ಹಲಗೆ ಹಿಡಿದು ನಿಂತವನು ಇದ್ದಕ್ಕಿದ್ದಂತೆ ಹೇಳಿದ: "ನಿನ್ನೆ ನಂಗೆ ಒಂಚೂರೂ ಅನುಮಾನ ಇರ್ಲಿಲ್ಲ ಕಣೇ. ನಂಗೆ ಭಯ ಆಗ್ತಿರೋದೇ ಅದಕ್ಕೆ. ಕಾಲು ಸೋತ್ರೆ ಗೊತ್ತಾಗುತ್ತೆ, ಉಸಿರು ಸೋತ್ರೆ ಗೊತ್ತಾಗುತ್ತೆ. ತಲೆ ಸೋತ್ರೆ ಯಾರು ಹೇಳ್ಬೇಕು? ಅದೇ ತಲೆ ತಾನೇ ಹೇಳ್ಬೇಕು! ಅದೆಲ್ಲಿ ಹೇಳುತ್ತೆ?"

"ಅದಕ್ಕೆ?"

"ಅದಕ್ಕೆ ನೀನು ಕೇಳು. ಆಟ ನಿಂತಾಗೆಲ್ಲ, ನಾನು ನಿನ್ನ ಹತ್ರ ಬಂದಾಗೆಲ್ಲ, ಯಾಕೆ ಅಂತ ಕೇಳು. ಯಾರು ಅಂತ ಕೇಳ್ಬೇಡ, ಅದನ್ನ ಕಣ್ಣೇ ಹೇಳ್ಬಿಡುತ್ತೆ. ಯಾಕೆ ಅಂತ ಕೇಳು. ನಾನು ಕಾರಣ ಹೇಳಿದ್ರೆ ಸರಿ. ಹೇಳ್ಲಿಲ್ವಾ, ಸೀಟಿ ಇಸ್ಕೊಂಡುಬಿಡು."

"ನೀನು ಕೊಡ್ತೀಯಾ?"

ಅಣ್ಣ ಹಲಗೆಯನ್ನು ಗೋಡೆಗೆ ಒರಗಿಸಿದ. "ಆ ಹೊತ್ತಿಗೆ ಒಪ್ಪಲ್ಲ ಅಂತ ಕಾಣುತ್ತೆ. ಜಗಳ ಆಡ್ತೀನಿ. ಬೈತೀನಿ. ಆದ್ರೂ ಬಿಡ್ಬೇಡ. ಈಗ ನೆಟ್ಟಗಿರೋ ತಲೆಯಿಂದ ಮಾತು ಕೊಡ್ತಿದ್ದೀನಿ, ಕೆಟ್ಟಿರೋ ತಲೆ ಅದನ್ನ ನಡೆಸಿಕೊಡ್ಲಿ."

ಹಾಗೆ ಶುರುವಾದದ್ದು. ಫೌಲ್ ಕೊಟ್ಟು ಅಣ್ಣ ಗೆರೆಯ ಬಳಿ ಬಂದರೆ ಇವಳು "ಯಾಕೆ?" ಅನ್ನುವಳು. "ಚೆಂಡು ಹೋದ್ಮೇಲೆ ಕಾಲು ಬಂತು" ಅನ್ನುವನು ಅವನು. "ಯಾಕೆ?" "ಮೊಣಕೈ ಕಿವಿಗೆ ತಾಗ್ತು." ಇದೆಲ್ಲ ಓಡುತ್ತ ಓಡುತ್ತಲೇ. ಒಪ್ಪಂದದ ವಿಷಯ ಗೊತ್ತಿದ್ದುದು ಮನೆಯವರಿಗಷ್ಟೇ. ನೋಡುವವರಿಗೆ ಕಾಣುತ್ತಿದ್ದುದು, ಪ್ರತಿ ತೀರ್ಮಾನಕ್ಕೂ ಅಣ್ಣನನ್ನು ಅಡ್ಡಗಟ್ಟಿ ಪ್ರಶ್ನೆ ಹಾಕುವ ಒಬ್ಬ ಬಾಯಿಬಡುಕಿ. ಯಾಕಮ್ಮ ಅನ್ನುವ ಹೆಸರು ತಾನಾಗಿ ಅಂಟಿತು. ಅವಳೂ ಅದನ್ನು ಬಿಡಿಸಿಕೊಳ್ಳುವುದಕ್ಕೆ ಹೋಗಲಿಲ್ಲ. ನಿಜ ಹೇಳಿದರೆ ಅಣ್ಣನ ತಲೆಯ ಬಗ್ಗೆ ಊರು ಆಡಿಕೊಳ್ಳುತ್ತದೆ, ಅದಕ್ಕಿಂತ ತನ್ನ ಬಾಯಿಯ ಬಗ್ಗೆ ಆಡಿಕೊಳ್ಳಲಿ ಅಂದುಕೊಂಡಳು. ಇದನ್ನು ನಾನಾಗಿದ್ದರೆ ಮಾಡುತ್ತಿರಲಿಲ್ಲ, ನೀವೂ ಮಾಡುತ್ತಿರಲಿಲ್ಲ.

ವರ್ಷಗಟ್ಟಲೆ ಹಾಗೆ ಗೆರೆಯ ಪಕ್ಕ ಓಡಿ ಓಡಿ ಅವಳಿಗೆ ಹವೆಯ ಆಟವೂ ಕಾಣತೊಡಗಿತು. ಚಳಿಗಾಲದಲ್ಲಿ, ಗಾಳಿ ಮೂಳೆಗೆ ತಾಗುವಾಗ, ಆಟಗಾರರಿಗೆ ಎಲ್ಲದಕ್ಕೂ ಅವಸರ. ಚೆಂಡು ಕಾಲಿಗೆ ಬಂದರೆ ಸಾಕು, ನೋಡದೆ ಒದ್ದುಬಿಡುವರು. ಮರಗಟ್ಟಿದ ಬೆರಳುಗಳಿಂದ ಥ್ರೋ ಜಾರಿ ಎತ್ತಲೋ ಹೋಗುವುದು. ಒಂದು ಸಲ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಆಟ ನಿಲ್ಲಿಸಿ ಎಲ್ಲರೂ ಒಳಗೆ ಬಂದ ಮೇಲೂ ಆಚೆ ತುದಿಯ ಗೋಲ್‌ಕೀಪರ್ ಒಬ್ಬನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗೋಲು ಕಾಯುತ್ತಿದ್ದ. ಇವಳು ಹೋಗಿ ಕೈಹಿಡಿದು ಕರೆತರಬೇಕಾಯಿತು. ಬಿಸಿಲಿನ ಕಥೆಯೇ ಬೇರೆ. ಬಿಸಿಲಿನಲ್ಲಿ ಮೊದಲು ನಿಲ್ಲುವುದು ಕಾಲಲ್ಲ, ಯೋಚನೆ. ಮುಂದೆ ಖಾಲಿ ಜಾಗವಿದ್ದರೂ ಚೆಂಡನ್ನು ಹಿಂದಕ್ಕೇ ಕೊಡುತ್ತಾರೆ, ಯಾಕೆಂದರೆ ಹಿಂದಕ್ಕೆ ಕೊಡಲು ಯೋಚಿಸಬೇಕಿಲ್ಲ. ಸ್ವಂತ ತಂಡದವರ ಮೇಲೆಯೇ ಕಾಲ್ಕೆರೆದು ಜಗಳಕ್ಕೆ ಹೋಗುತ್ತಾರೆ. ಒದೆಗಳು ಜಾಸ್ತಿಯಾಗುತ್ತವೆ, ಆದರೆ ಅವು ಹೊಟ್ಟೆಕಿಚ್ಚಿನ ಒದೆಗಳಲ್ಲ, ತಡವಾಗಿ ಬಂದ ಕಾಲುಗಳು. ಇದನ್ನು ಅಣ್ಣನೇ ಅವಳಿಗೆ ತೋರಿಸಿಕೊಟ್ಟದ್ದು. ಬಿಸಿಲು ಏರಿದಂತೆ ಅವನು ಕಾರ್ಡು ಕಡಿಮೆ ಮಾಡಿ ಮಾತು ಜಾಸ್ತಿ ಮಾಡುತ್ತಿದ್ದ. "ನಿಧಾನ ಕಣಪ್ಪಾ, ಕಾಲು ಮನೇಲಿ ಬಿಟ್ಟು ಬಂದ್ಯಾ? ಹೋಗು, ಒಂದು ಗುಟುಕು ನೀರು ಕುಡಿದು ಬಾ." ಹಾಗೆ ಅವನ ಒಂದು ತಮಾಷೆಯ ಮಾತಿಗೆ ಎಷ್ಟೋ ಕಾಲುಗಳು ಮುರಿಯದೆ ಉಳಿದವು.

ಇಷ್ಟು ವರ್ಷಗಳಲ್ಲಿ ಅವನು ಅವಳ ಪ್ರಶ್ನೆಗೆ ಒಮ್ಮೆಯೂ ತಡವರಿಸಲಿಲ್ಲ. ಸೀಟಿ ಕೇಳುವ ದಿನ ಬರಲೇ ಇಲ್ಲ. ಕೊನೆಗೆ ರೆಫರಿಗಳಿಗಿರುವ ವಯಸ್ಸಿನ ಮಿತಿ ಬಂತು. ಆ ವರ್ಷದ ಫೈನಲ್ ಅಣ್ಣನ ಕೊನೆಯ ಪಂದ್ಯ ಅಂತ ಊರಿನ ಫುಟ್‌ಬಾಲ್ ಸಂಘದವರು ಹೇಳಿದರು.

ಆ ವರ್ಷ ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿದ್ದರು. ಹಸುರೋ ಹಸುರು, ಕಣ್ಣಿಗೆ ಹಬ್ಬ. ಆದರೆ ನಿಜವಾದ ಹುಲ್ಲು ಬಿಸಿಲನ್ನು ಕುಡಿಯುತ್ತದೆ, ಇದು ಕಾದ ಕಾವಲಿಯಂತೆ ವಾಪಸು ಉಗುಳುತ್ತಿತ್ತು. ಫೈನಲ್ ದಿನ ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಸಂಜೆಗೆ ಇಟ್ಟುಕೊಳ್ಳೋಣ ಅಂತ ಅಣ್ಣ ಸಂಘದ ಕಾರ್ಯದರ್ಶಿಯನ್ನು ಎರಡು ಸಲ ಕೇಳಿದ. ಮುಖ್ಯ ಅತಿಥಿಗಳಿಗೆ ಸಂಜೆ ಬೇರೆ ಕಡೆ ಹೋಗುವುದಿದೆಯಂತೆ, ಆಗುವುದಿಲ್ಲ. ಅತಿಥಿಗಳು ಕೂರುವುದು ಚಾವಣಿಯ ಕೆಳಗೆ, ಫ್ಯಾನಿನ ಗಾಳಿಯಲ್ಲಿ, ಕೈಯಲ್ಲಿ ತಂಪು ಶರಬತ್ತು ಹಿಡಿದು. ಅಲ್ಲಿಂದ ನೋಡಿದರೆ ಯಾವ ಬಿಸಿಲೂ ಆಡುವುದಕ್ಕೆ ಚೆನ್ನಾಗಿಯೇ ಇರುತ್ತದೆ. ನೀರಿಗೆಂದು ಆಟವನ್ನು ನಡುನಡುವೆ ನಿಲ್ಲಿಸಲು ಮಾತ್ರ ಒಪ್ಪಿದರು, ಅದೂ ದೊಡ್ಡ ಉಪಕಾರ ಮಾಡಿದವರಂತೆ.

ಆ ಬೆಳಗ್ಗೆ ಅತ್ತಿಗೆ ಬೇಕರಿಯ ಹಿಂದಿನ ಕೋಣೆಗೆ ಬಂದಳು, ಕೈಯಲ್ಲಿ ಇಸ್ತ್ರಿ ಮಾಡಿದ ಕರೀ ಅಂಗಿ. ಅತ್ತಿಗೆ ಕಡಿಮೆ ಮಾತಿನವಳು, ಮಾತಾಡಿದರೆ ನೇರ ಮಾತು.

"ಇವತ್ತೊಂದಿನ ಅವರನ್ನ ಏನೂ ಕೇಳ್ಬೇಡ" ಅಂದಳು. "ಅಷ್ಟೊಂದು ಜನ ಬರ್ತಾರೆ, ದೊಡ್ಡವರೆಲ್ಲ ಬರ್ತಾರೆ. ಎಲ್ಲರ ಮುಂದೆ ನೀನು ಯಾಕೆ ಯಾಕೆ ಅನ್ನೋದು, ಜನ ನಗೋದು. ಕೊನೇ ಪಂದ್ಯ. ಇಷ್ಟು ವರ್ಷದಲ್ಲಿ ಒಂದಿನವಾದ್ರೂ ತಪ್ಪಿದ್ದಾರಾ ಅವರು? ಇವತ್ತು ಅವರ ಪಾಡಿಗೆ ಬಿಟ್ಬಿಡು."

ಯಾಕಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ಅತ್ತಿಗೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅಣ್ಣ ಮರ್ಯಾದೆಯಿಂದ ಕೊನೆಯ ಸೀಟಿ ಊದಿ, ಚಪ್ಪಾಳೆ ಹೊಡೆಸಿಕೊಂಡು ಮನೆಗೆ ಬರಬೇಕು ಅನ್ನುವ ಆಸೆ ಅವಳಿಗೂ ಹೊಟ್ಟೆತುಂಬ ಇತ್ತು.

"ನೋಡೋಣ ಅತ್ತಿಗೆ" ಅಂದಳು. ಅದು ಹೂಂ ಅಲ್ಲ, ಉಹೂಂ ಕೂಡ ಅಲ್ಲ.

ಗಾಜಿನ ಕಾರ್ಖಾನೆಯವರಿಗೂ ಗೋದಾಮಿನವರಿಗೂ ಆಟ. ಮೊದಲರ್ಧದಲ್ಲಿ ಅವಳು ಬಾಯಿಬಿಡದೆ ಹುಬ್ಬು ಹಾರಿಸಿ ಕೇಳಿದಳು. ಅಣ್ಣ ನಕ್ಕು ಉತ್ತರ ಕೊಟ್ಟ. "ಅಂಗಿ ಎಳೆದ." "ಚೆಂಡು ಕೈಗೆ ಬಂತು, ಕೈ ಚೆಂಡಿಗೆ ಹೋಗ್ಲಿಲ್ಲ." ಒಂದೊಂದು ಗೋಲಾಗಿ ಆಟ ಸಮವಾಗಿತ್ತು. ವಿರಾಮದಲ್ಲಿ ಚಾವಣಿಯ ಕೆಳಗೆ ಬೆಂಚಿನ ಮೇಲೆ ಕೂತಾಗ ಅವಳು ನೀರಿನ ಬಾಟಲಿ ಚಾಚಿದಳು. ಅಣ್ಣ ಒಂದು ಗುಟುಕು ಕುಡಿದು ಹಿಂದಕ್ಕೆ ಕೊಟ್ಟ. "ದಾಹ ಇಲ್ಲ ಕಣೇ, ಹಾಯಾಗಿದ್ದೀನಿ" ಅಂದ. ಆ ಮಧ್ಯಾಹ್ನ ಆ ಮೈದಾನದಲ್ಲಿ ಹಾಯಾಗಿದ್ದವನು ಅವನೊಬ್ಬನೇ.

ಮತ್ತೆ ಆಟ ಶುರುವಾದಾಗ ಬೂಟಿನ ಅಡಿಯಿಂದ ಕಾವು ಅಂಗಾಲಿಗೆ ಹತ್ತುತ್ತಿತ್ತು. ಆಟಗಾರರು ಚೆಂಡನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಕೊಡತೊಡಗಿದರು. ಗಾಜಿನವರ ಕ್ಯಾಪ್ಟನ್, ಕುಲುಮೆಯ ಮುಂದೆ ಕೆಲಸ ಮಾಡುವ ಗಟ್ಟಿ ಆಳು, ತನ್ನದೇ ಗೋಲ್‌ಕೀಪರ್‌ನ ಎದೆಗೆ ಕೈಹಾಕಿ ದಬ್ಬಿದ. ಹಿಂದೆಯಾಗಿದ್ದರೆ ಅಣ್ಣ ಅಲ್ಲಿಗೆ ಓಡಿಹೋಗಿ ಏನಾದರೂ ತಮಾಷೆ ಮಾಡಿ ನಗಿಸುತ್ತಿದ್ದ. ಈಗ ಮೈದಾನದ ನಡುವಿನ ವೃತ್ತದಲ್ಲೇ ನಿಂತು ನೋಡಿದ. ಅವನು ಓಡುತ್ತಿರಲಿಲ್ಲ ಅನ್ನುವುದು ಅವಳಿಗೆ ಆಗ ಹೊಳೆಯಿತು. ಆಮೇಲೆ ಒಂದು ಥ್ರೋ ತಪ್ಪು ತಂಡಕ್ಕೆ ಕೊಟ್ಟ. ಅವಳು ಬಾವುಟದಲ್ಲಿ ಈ ಕಡೆ ತೋರಿಸುತ್ತಿದ್ದರೂ ಆ ಕಡೆ ಕೈ ಚಾಚಿದ.

ಆಗಲೇ ಕೇಳಬೇಕಿತ್ತು. ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಎದುರಿಗೆ ಮುಂದಿನ ಸಾಲಿನಲ್ಲಿ ಅತ್ತಿಗೆ ಕೂತಿದ್ದಳು, ಹೊಸ ಸೀರೆಯುಟ್ಟು, ಮಡಿಲಲ್ಲಿ ಕೈ ಜೋಡಿಸಿಕೊಂಡು. ಯಾಕಮ್ಮ ಮಾತನ್ನು ನುಂಗಿಕೊಂಡಳು. ಒಂದು ಥ್ರೋ ತಾನೇ, ಯಾರಿಗಾದರೂ ತಪ್ಪುತ್ತೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಫಿಟ್ಟರ್‌ನ ದಿನವೂ ಇದೇ ರೀತಿಯ ಸಮಾಧಾನ ಹೇಳಿಕೊಂಡಿದ್ದು ನೆನಪಾಯಿತು.

ಅಷ್ಟರಲ್ಲಿ ಗೋದಾಮಿನ ತಂಡದವನೊಬ್ಬ ಚೆಂಡು ತಳ್ಳಿಕೊಂಡು ಇವಳ ಕಣ್ಣ ಮುಂದೆಯೇ ಪೆನಾಲ್ಟಿ ಜಾಗದೊಳಕ್ಕೆ ನುಗ್ಗಿದ. ಮೀನಖಂಡ ಸೆಳೆದು ಬಿದ್ದ. ಹತ್ತಿರದಲ್ಲಿ ಯಾರೂ ಇರಲಿಲ್ಲ, ಅವನನ್ನು ಬೀಳಿಸಿದ್ದು ಅವನದೇ ಕಾಲು. ದೂರದ ವೃತ್ತದಿಂದ ಸೀಟಿ ಕೇಳಿಸಿತು. ಅಣ್ಣ ಪೆನಾಲ್ಟಿ ಅಂತ ಕೈ ತೋರಿಸುತ್ತಿದ್ದ. ಗಾಜಿನವರು ಹೋ ಅಂತ ಅವನ ಸುತ್ತ ಮುತ್ತಿದರು.

ಅವರನ್ನು ಬಿಡಿಸಿಕೊಂಡು ಗೆರೆಯ ಅಂಚಿಗೆ ಬಂದವನಿಗೆ ಅವಳು ಗೆರೆಯ ಉದ್ದಕ್ಕೂ ಓಡಿ ಎದುರಾದಳು. ಅವನ ಹಣೆ ನೋಡಿದಳು. ಎಲ್ಲರೂ ನೀರಲ್ಲಿ ಅದ್ದಿ ತೆಗೆದವರಂತೆ ಬೆವರುತ್ತಿದ್ದರು, ಅಣ್ಣನ ಹಣೆ ಒಣಗಿತ್ತು. ಒಲೆಯಿಂದ ಆಗತಾನೆ ತೆಗೆದ ಬ್ರೆಡ್ಡಿನ ಹಾಗೆ ಒಣಗಿ, ಕೆಂಪಾಗಿ, ಬಿಸಿ ಬಿಡುತ್ತಿತ್ತು.

"ಯಾಕೆ ಅಣ್ಣ?" ಅಂದಳು. ಈ ಸಲ ಗಟ್ಟಿಯಾಗಿಯೇ ಅಂದಳು.

ಅಣ್ಣ ಅವಳ ತಲೆಯ ಮೇಲಿಂದ ಎತ್ತಲೋ ನೋಡುತ್ತ ಹೇಳಿದ: "ಯಾಕೆ ಅಂದ್ರೆ? ನಾನು ಹೇಳ್ದೆ, ಅದಕ್ಕೆ."

ಅವನ ಬಾಯಲ್ಲಿ ಆ ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮನೆಯಲ್ಲೂ ಇಲ್ಲ, ಬೇಕರಿಯಲ್ಲೂ ಇಲ್ಲ, ಮೈದಾನದಲ್ಲಂತೂ ಇಲ್ಲವೇ ಇಲ್ಲ. ಕಾರಣ ಹೇಳದೆ ಚಿಕ್ಕ ಮಕ್ಕಳಿಗೂ ಅವನು ಬೇಡ ಅಂದವನಲ್ಲ. ಯಾಕಮ್ಮ ಬಾವುಟವನ್ನು ಗೆರೆಯ ಮೇಲೆ ಮಲಗಿಸಿ ಮೈದಾನದ ಒಳಗೆ ಕಾಲಿಟ್ಟಳು.

"ಅಣ್ಣ, ಸೀಟಿ ಕೊಡು."

"ಏನು?"

"ಸೀಟಿ ಕೊಡು ಅಣ್ಣ. ನಿನ್ನ ಮಾತು, ನೀನೇ ಕೊಟ್ಟಿದ್ದು."

ಅಣ್ಣನ ಮುಖ ಕೆಟ್ಟಿತು. "ಹೊರಗೆ ಹೋಗೇ! ಎಲ್ಲರ ಮುಂದೆ ನನ್ನ ಮಾನ ಕಳೀತೀಯಾ? ಹಿಟ್ಟು ನಾದೋಳು ನಂಗೆ ಹೇಳ್ಕೊಡ್ತೀಯಾ?" ಅಂತ ಕಿರುಚಿದ. ಕಿರುಚಿದವನು ಜೇಬಿಗೆ ಕೈಹಾಕಿ ಹಳದಿ ಕಾರ್ಡು ತೆಗೆದು ತನ್ನ ಸ್ವಂತ ಬಾವುಟದವಳಿಗೇ ಎತ್ತಿ ತೋರಿಸಿದ. ಹಾಗೆ ತೋರಿಸುವುದಕ್ಕೆ ಯಾವ ನಿಯಮದಲ್ಲೂ ಜಾಗವಿಲ್ಲ. ಇಡೀ ಮೈದಾನ ಗೊಳ್ಳೆಂದು ನಕ್ಕಿತು. ಚಾವಣಿಯ ಕೆಳಗಿನ ದೊಡ್ಡವರೂ ನಕ್ಕರು. ಅತ್ತಿಗೆ ಎದ್ದು ನಿಂತಿದ್ದಳು, ಅವಳು ಮಾತ್ರ ನಗುತ್ತಿರಲಿಲ್ಲ.

ಯಾಕಮ್ಮನಿಗೆ ಅಳು ಒತ್ತರಿಸಿ ಬಂತು. ಜಗಳ ಆಡ್ತೀನಿ, ಬೈತೀನಿ ಅಂತ ಅವನು ಹೇಳಿದ್ದು ನಿಜ, ಆದರೆ ಬೈಸಿಕೊಳ್ಳುವುದು ಇಷ್ಟು ಕಷ್ಟ ಅಂತ ಯಾರೂ ಹೇಳಿರಲಿಲ್ಲ. ಹಲ್ಲು ಕಚ್ಚಿ ಅಳು ತಡೆದುಕೊಂಡು ಅಂಗೈ ಚಾಚಿ ನಿಂತಳು.

"ಕಾರ್ಡು ತೋರಿಸ್ದೆಯಲ್ಲ, ಆಯ್ತು. ನಾನು ಹೋಗ್ತೀನಿ. ಮೊದಲು ಸೀಟಿ ಕೊಡು."

ಅಣ್ಣ ಅವಳ ಅಂಗೈಯನ್ನು ನೋಡಿದ. ಎಷ್ಟು ಹೊತ್ತು ನೋಡಿದನೋ. ಅವನ ಕಣ್ಣಿನಲ್ಲಿ ಗುರುತು ಹಿಡಿದ ಲಕ್ಷಣವೇನೂ ಇರಲಿಲ್ಲ. ಎದುರಿಗಿರುವವಳು ತಂಗಿಯೋ, ಅದು ಬೇಕರಿಯೋ ಮೈದಾನವೋ, ಅವನಿಗೆ ಆಗ ಗೊತ್ತಿತ್ತು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೂ ಅವನ ಕೈ ಕತ್ತಿನ ಕಡೆ ಹೋಯಿತು. ದಾರವನ್ನು ತಲೆಯ ಮೇಲಿಂದ ತೆಗೆಯಿತು. ಸೀಟಿಯನ್ನು ಅವಳ ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ಮುಚ್ಚಿತು. ಆಮೇಲೆ ಮಂಡಿ ಮಡಿಚಿ ಕುಸಿದ. ಗಾಜಿನವರ ಕ್ಯಾಪ್ಟನ್ನೇ ಅವನನ್ನು ನೆಲಕ್ಕೆ ಬೀಳದಂತೆ ಹಿಡಿದುಕೊಂಡ.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಫೈನಲ್‌ಗೆಂದು ಮೈದಾನದ ಪಕ್ಕ ನಿಲ್ಲಿಸಿದ್ದ ಆಂಬುಲೆನ್ಸಿನ ನರ್ಸು ಓಡಿ ಬಂದು ಹಣೆ ಮುಟ್ಟಿ, "ಮೊದಲು ಮೈ ತಣ್ಣಗಾಗ್ಬೇಕು, ಆಮೇಲೆ ಆಸ್ಪತ್ರೆ" ಅಂದಳು. ಅತಿಥಿಗಳ ಶರಬತ್ತಿನ ಬಾಟಲಿಗಳಿಗೆಂದು ಐಸು ತುಂಬಿಟ್ಟಿದ್ದ ದೊಡ್ಡ ತೊಟ್ಟಿಯೊಂದು ಚಾವಣಿಯ ಕೆಳಗಿತ್ತು. ಎರಡೂ ತಂಡದವರು ಸೇರಿ ಬಾಟಲಿಗಳನ್ನು ಎತ್ತಿ ಬಿಸಾಕಿ, ಅಣ್ಣನನ್ನು ಅಂಗಿ ಬೂಟಿನ ಸಮೇತ ಅದರಲ್ಲಿ ಕೂರಿಸಿದರು. ಕೆಲ ಹೊತ್ತಿನ ಮೇಲೆ ಅವನು ನರಳಿದ, ಏನೋ ತೊದಲಿದ. ಆಂಬುಲೆನ್ಸಿಗೆ ಹತ್ತಿಸುವಾಗ ಯಾಕಮ್ಮನೂ ಹತ್ತಲು ಹೋದಳು. ಅತ್ತಿಗೆ ತಡೆದಳು. ಈಗ ಉಗಿಯುತ್ತಾಳೆ ಅಂತ ಯಾಕಮ್ಮ ತಲೆ ತಗ್ಗಿಸಿದಳು.

"ನಾನಿದ್ದೀನಲ್ಲ, ನಾನು ನೋಡ್ಕೋತೀನಿ" ಅಂದಳು ಅತ್ತಿಗೆ. "ನೀನು ಆಟ ಮುಗಿಸಿ ಬಾ. ಎಚ್ಚರ ಆದ್ಮೇಲೆ ಅವರು ಮೊದಲು ಕೇಳೋದೇ ಅದನ್ನ."

ಹೀಗೆ ಸೀಟಿ ಅವಳ ಕೈಯಲ್ಲಿ ಉಳಿಯಿತು. ಮುಖ್ಯ ರೆಫರಿ ಬಿದ್ದರೆ ಹಿರಿಯ ಬಾವುಟದವರೇ ಆಟ ನಡೆಸಬೇಕೆಂಬುದು ನಿಯಮ. ಅವಳು ಮೊದಲು ಮಾಡಿದ್ದು ಪೆನಾಲ್ಟಿ ರದ್ದು. ಚೆಂಡನ್ನು ಇನ್ನೂ ಒದ್ದಿರಲಿಲ್ಲವಾದ್ದರಿಂದ ಅದಕ್ಕೆ ಅವಕಾಶವಿತ್ತು. ಗೋದಾಮಿನವರ ಕ್ಯಾಪ್ಟನ್ ಯಾಕೆ ಅಂತ ಕೇಳಿದ. "ಬಿದ್ದೋನನ್ನೇ ಕೇಳು" ಅಂದಳು. ಬಿದ್ದವನು ಮೀನಖಂಡ ಒತ್ತಿಕೊಳ್ಳುತ್ತ, "ಯಾರೂ ಮುಟ್ಲಿಲ್ಲ ಕಣೋ" ಅಂತ ಒಪ್ಪಿಕೊಂಡ. ಎರಡನೆಯದಾಗಿ ಎಲ್ಲರನ್ನೂ ನೆರಳಿಗೆ ಕಳಿಸಿ, ಚಾವಣಿಯ ನೆರಳು ಮೈದಾನಕ್ಕೆಲ್ಲ ಹಾಸುವವರೆಗೆ ಆಟವಿಲ್ಲ ಅಂದಳು.

ಕಾರ್ಯದರ್ಶಿ ಏದುಸಿರು ಬಿಡುತ್ತ ಓಡಿ ಬಂದರು. "ಏನಮ್ಮಾ ಇದು? ಅತಿಥಿಗಳು ಕಾಯ್ತಾ ಇದ್ದಾರೆ. ಯಾರನ್ನ ಕೇಳಿ ನಿಲ್ಲಿಸ್ದೆ?"

"ಇನ್ನೊಬ್ಬರನ್ನ ತೊಟ್ಟಿಗೆ ಹಾಕೋಕೆ ಐಸು ಇಲ್ಲ ಸಾರ್. ಅತಿಥಿಗಳಿಗೆ ಹೊತ್ತಾದ್ರೆ ಹೊರಡ್ಲಿ."

ಅತಿಥಿಗಳು ಹೊರಟರು. ಅವರು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಸಂಜೆಯ ನೆರಳಿನಲ್ಲಿ ಆಟ ಮುಂದುವರಿದಾಗ ಅದೇ ಆಟಗಾರರು ಬೇರೆ ಮನುಷ್ಯರಾಗಿದ್ದರು. ಚೆಂಡು ಮುಂದಕ್ಕೆ ಹೋಗತೊಡಗಿತು. ಕ್ಯಾಪ್ಟನ್ ತಾನು ದಬ್ಬಿದ್ದ ಗೋಲ್‌ಕೀಪರ್‌ನ ಹೆಗಲ ಮೇಲೆ ಕೈಹಾಕಿ ಬಂದ. ಕೊನೆಗೆ ಗೋದಾಮಿನವರೇ ಗೆದ್ದರು, ಮೂರು ಜನ ಹೆಣೆದಂತೆ ಚೆಂಡು ಸಾಗಿಸಿ ಹೊಡೆದ ಗೋಲಿನಿಂದ, ಯಾರೂ ಬೆರಳು ತೋರಿಸಲಾಗದ ಗೆಲುವು. ಅಣ್ಣನ ಕೊನೆಯ ಪಂದ್ಯದ ಕೊನೆಯ ಸೀಟಿಯನ್ನು ಯಾಕಮ್ಮ ಊದಿದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವಳಿಗೆ ಅದು ಕಳ್ಳತನ ಮಾಡಿ ತಂದ ಸಾಮಾನಿನ ಹಾಗೆ ಅನಿಸಿತು. ಟ್ರೋಫಿ ಕೊಡುವುದಕ್ಕೂ ನಿಲ್ಲದೆ ಆಸ್ಪತ್ರೆಗೆ ಓಡಿದಳು. ಒಳಗೆ ಬಿಡಲಿಲ್ಲ.

ಮಾರನೆಯ ಬೆಳಗ್ಗೆ ಬಿಟ್ಟರು. ಅಣ್ಣ ದಿಂಬಿಗೆ ಒರಗಿ ಕೂತಿದ್ದ. ಕೈಗೆ ಗ್ಲೂಕೋಸಿನ ನಳಿಗೆ, ತುಟಿಯೆಲ್ಲ ಒಡೆದಿತ್ತು, ಕಣ್ಣು ಮಾತ್ರ ಅವನದೇ ಕಣ್ಣು. ಅತ್ತಿಗೆ ಪಕ್ಕದ ಸ್ಟೂಲಿನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಳು. ವಿರಾಮದಲ್ಲಿ ಬೆಂಚಿನ ಮೇಲೆ ಕೂತಿದ್ದು ಬಿಟ್ಟರೆ ಆಮೇಲಿನದು ಅಣ್ಣನಿಗೆ ಏನೂ ನೆನಪಿರಲಿಲ್ಲ. ನೆನಪಿಲ್ಲದ ಹೊತ್ತಿನಲ್ಲಿ ತಾನು ಎಂಥ ಮನುಷ್ಯನಾಗಿದ್ದೆ ಅನ್ನುವ ಭಯ ಅವನ ಮುಖದ ತುಂಬ ಇತ್ತು.

"ತಪ್ಪು ಮಾಡಿದ್ನಾ?" ಅಂತ ಕೇಳಿದ.

"ಒಂದು ಥ್ರೋ. ಒಂದು ಪೆನಾಲ್ಟಿ."

"ಪೆನಾಲ್ಟಿ ಹೊಡೆದ್ರಾ?"

"ಇಲ್ಲ, ಅಷ್ಟರಲ್ಲಿ ನಾನು ರದ್ದು ಮಾಡ್ದೆ."

ಅಣ್ಣ ತಲೆಯಾಡಿಸಿದ. ನಿಜವಾಗಿ ಕೇಳಬೇಕೆಂದಿದ್ದು ಬೇರೆ ಅಂತ ಅವಳಿಗೆ ಗೊತ್ತಿತ್ತು, ಅವಳು ಕಾದಳು. ಅವನು ಹೊದಿಕೆಯ ಅಂಚನ್ನು ಮಡಿಚುತ್ತ, ಬಿಚ್ಚುತ್ತ, ಅವಳ ಮುಖ ನೋಡದೆ ಕೇಳಿದ: "ಸೀಟಿ... ನೀನು ಕಿತ್ಕೊಂಡ್ಯಾ?"

"ಇಲ್ಲ ಅಣ್ಣ."

"ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ಬೇಡ ಕಣೇ."

"ಇಲ್ಲ, ನಿಜವಾಗ್ಲೂ. ಜಗಳ ಆಡ್ದೆ, ಬೈದೆ, ನಂಗೆ ಹಳದಿ ಕಾರ್ಡು ತೋರಿಸ್ದೆ. ಆಮೇಲೆ ನಾನು ಕೈ ಚಾಚಿದೆ, ನೀನೇ ತೆಗೆದು ಕೊಟ್ಟೆ. ಎಲ್ಲರೂ ನೋಡಿದ್ದಾರೆ. ಬೇಕಾದ್ರೆ ಅತ್ತಿಗೇನ ಕೇಳು."

ಅತ್ತಿಗೆ ಕಣ್ಣು ತೆರೆದಿದ್ದಳು. "ಹೌದು, ನೀವೇ ಕೊಟ್ರಿ" ಅಂದಳು.

ಅಣ್ಣನ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಹಾಗಾದ್ರೆ ನನ್ನ ಕೊನೇ ತೀರ್ಮಾನ ಸರಿಯಾಗೇ ಇತ್ತು" ಅಂದ.